ಕಾಲಿನ್ಸ್ ಸ್ಟ್ರೀಟ್‌ನ ಆ ಅರಮನೆ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಮಗಳು ಮೆಲ್ಬೋರ್ನ್‌ನಲ್ಲಿದ್ದಾಳೆ. ಹೋದ ವರ್ಷ ಅವಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಕಾಲಿನ್ಸ್ ಸ್ಟ್ರೀಟ್‌ನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಮೊನ್ನೆ ಫೋನಿಗೆ ಒಂದು ಹಳೆಯ ಕಪ್ಪು ಬಿಳುಪು ಚಿತ್ರ ಬಂತು. ಗೋಪುರ, ಗುಮ್ಮಟ, ಕಮಾನುಗಳಿರುವ ಭಾರೀ ಕಟ್ಟಡ. ಕೆಳಗೆ 'ಫೆಡರಲ್ ಕಾಫಿ ಪ್ಯಾಲೇಸ್, ಕಾಲಿನ್ಸ್ ಸ್ಟ್ರೀಟ್' ಅಂತ ಹೆಸರು. ಅಂಥದ್ದನ್ನು ನಾನು ಅಲ್ಲಿ ನೋಡಲೇ ಇಲ್ಲ. ಜೊತೆಗೆ ಬಂದ ನಾಲ್ಕಾರು ಇನ್ನೂ ಹಳೆಯ ಚಿತ್ರಗಳಲ್ಲಿ ರಸ್ತೆಯಲ್ಲಿ ಒಬ್ಬ ಮನುಷ್ಯನೂ ಇಲ್ಲ. 'ಇವನ್ನೆಲ್ಲ ಕಟ್ಟಿದ್ದು ಕಳೆದುಹೋದ ಒಂದು ನಾಗರಿಕತೆ' ಅಂತ ಬೇರೆ ಬರೆದಿತ್ತು. ಇದೆಲ್ಲ ಸುಳ್ಳೇ? ನಿಜವಾದರೆ ಅಷ್ಟು ಚೆಂದದ ಕಟ್ಟಡಗಳನ್ನು ಯಾರು ಕೆಡವಿದರು? ಅಲ್ಲಿ ಯುದ್ಧವೇನೂ ನಡೆಯಲಿಲ್ಲವಲ್ಲ. ಇಂಥ ಫೋಟೋ ನಿಜವೋ ಸುಳ್ಳೋ ಅಂತ ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಚಿತ್ರ ನಿಜ. ಕಟ್ಟಡವೂ ನಿಜ. ಕಳೆದುಹೋದ ನಾಗರಿಕತೆಯ ಕಥೆ ಮಾತ್ರ ಸುಳ್ಳು. ನೀವು ಆ ಜಾಗದ ಮುಂದೆಯೇ ಎಷ್ಟೋ ಸಲ ನಡೆದು ಹೋಗಿರುತ್ತೀರಿ. ಕಾಲಿನ್ಸ್ ಸ್ಟ್ರೀಟ್ ಮತ್ತು ಕಿಂಗ್ ಸ್ಟ್ರೀಟ್ ಸೇರುವ ಮೂಲೆ ಅದು. ಈಗ ಅಲ್ಲಿ ಗಾಜಿನ ಎತ್ತರದ ಆಫೀಸ್ ಕಟ್ಟಡ ಇದೆ.

ಮೊದಲು ಹೆಸರಿನ ವಿಷಯ ಹೇಳುತ್ತೇನೆ. ಕಾಫಿ ಪ್ಯಾಲೇಸ್ ಅಂದರೆ ನಮ್ಮ ಕಡೆಯ ಕಾಫಿ ಹೌಸ್ ಅಂದುಕೊಳ್ಳಬೇಡಿ. ಅದು ನೂರಾರು ಕೋಣೆಗಳ ದೊಡ್ಡ ವಸತಿಗೃಹ. 1880ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಕುಡಿತದ ವಿರುದ್ಧ ಜೋರಾದ ಚಳವಳಿ ನಡೆಯುತ್ತಿತ್ತು. ಊರಿಗೆ ಬಂದವರು ಉಳಿದುಕೊಳ್ಳಬೇಕು, ಊಟ ಮಾಡಬೇಕು, ಹರಟೆ ಹೊಡೆಯಬೇಕು, ಆದರೆ ಹೆಂಡ ಮಾತ್ರ ಸಿಗಬಾರದು. ಹೆಂಡದಂಗಡಿಗಿಂತ ಜಾಸ್ತಿ ಆಕರ್ಷಣೆ ಬೇಕಲ್ವಾ? ಅದಕ್ಕೇ ಅರಮನೆಯಂತೆ ಕಟ್ಟಿದರು. ಈ ಚಳವಳಿಯ ದೊಡ್ಡ ಮುಂದಾಳು ಜೇಮ್ಸ್ ಮನ್ರೋ. ಮುಂದೆ ಮೆಲ್ಬೋರ್ನ್ ಇರುವ ವಿಕ್ಟೋರಿಯಾ ಪ್ರಾಂತ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ ಕೂಡ ಆದ, ಆಮೇಲೆ ದಿವಾಳಿಯೂ ಆದ.

ಫೆಡರಲ್ ಕಾಫಿ ಪ್ಯಾಲೇಸ್ ಮುಗಿದದ್ದು 1888ರಲ್ಲಿ. ಆ ವರ್ಷ ಮೆಲ್ಬೋರ್ನ್‌ನಲ್ಲಿ, ಬ್ರಿಟಿಷರು ಆಸ್ಟ್ರೇಲಿಯಾದಲ್ಲಿ ನೆಲೆಸಿದ ಶತಮಾನೋತ್ಸವದ ದೊಡ್ಡ ವಸ್ತುಪ್ರದರ್ಶನ ಇತ್ತು. ಅದಕ್ಕೆ ಬರುವ ಜನರಿಗಾಗಿ ಇದು ಸಿದ್ಧವಾಯಿತು. ವಿನ್ಯಾಸಕ್ಕೆ ಸ್ಪರ್ಧೆ ನಡೆಸಿದ್ದರು. ಕೊನೆಗೆ ಎಲ್ಲರ್ಕರ್ ಅವರ ಸಂಸ್ಥೆ ಮತ್ತು ವಿಲಿಯಂ ಪಿಟ್ ಒಟ್ಟಿಗೆ ಕೆಲಸ ಮಾಡಿದರು. ವಿಲಿಯಂ ಪಿಟ್ ಹೆಸರು ನೆನಪಿಟ್ಟುಕೊಳ್ಳಿ. ಅದೇ ಕಾಲಿನ್ಸ್ ಸ್ಟ್ರೀಟ್‌ನಲ್ಲಿ ಕಿಂಗ್ ಸ್ಟ್ರೀಟ್ ದಾಟಿ ಊರಿನ ನಡುವಿನ ಕಡೆಗೆ ಬಂದರೆ ಆತನದೇ ರಿಯಾಲ್ಟೋ, ಓಲ್ಡರ್‌ಫ್ಲೀಟ್ ಕಟ್ಟಡಗಳು ಇವತ್ತಿಗೂ ನಿಂತಿವೆ. ಸ್ಪ್ರಿಂಗ್ ಸ್ಟ್ರೀಟ್‌ನ ಪ್ರಿನ್ಸೆಸ್ ಥಿಯೇಟರ್ ಕೂಡ ಆತನದೇ. ಅವನ್ನು ಒಮ್ಮೆ ನೋಡಿದರೆ ಫೆಡರಲ್ ಹೇಗಿದ್ದಿರಬಹುದು ಅಂತ ಮನಸ್ಸಿಗೆ ಬರುತ್ತದೆ.

ಇಷ್ಟೆಲ್ಲ ದುಡ್ಡು ಎಲ್ಲಿಂದ ಬಂತು? ಚಿನ್ನದಿಂದ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು. ಜಗತ್ತಿನ ಮೂಲೆಮೂಲೆಯಿಂದ ಜನ ಬಂದರು. 1880ರ ದಶಕದ ಕೊನೆಗೆ ಮೆಲ್ಬೋರ್ನ್‌ನ ಜನಸಂಖ್ಯೆ ಹತ್ತಿರ ಹತ್ತಿರ 5 ಲಕ್ಷ. ಭೂಮಿಯ ಬೆಲೆ ಹುಚ್ಚು ಹಿಡಿದಂತೆ ಏರಿತು. 1889ರಲ್ಲಿ ಎಲಿಜಬೆತ್ ಸ್ಟ್ರೀಟ್‌ನಲ್ಲಿ 12 ಅಂತಸ್ತಿನ ಆಸ್ಟ್ರೇಲಿಯನ್ ಬಿಲ್ಡಿಂಗ್ ಎದ್ದಿತು. ಅಂದಿನ ಲೆಕ್ಕಕ್ಕೆ ಅದು ಜಗತ್ತಿನ ಎತ್ತರದ ಕಟ್ಟಡಗಳ ಸಾಲಿಗೆ ಸೇರುತ್ತಿತ್ತು. ರಸ್ತೆಯ ಕೆಳಗಿನ ಕೊಳವೆಗಳಲ್ಲಿ ಒತ್ತಡದ ನೀರು ಹರಿಸಿ, ಆ ಬಲದಿಂದ ಲಿಫ್ಟ್ ಓಡಿಸುವ ವ್ಯವಸ್ಥೆ ಆಗ ಮೆಲ್ಬೋರ್ನ್‌ಗೆ ಬಂದಿತ್ತು. ಲಿಫ್ಟ್ ಇಲ್ಲದಿದ್ದರೆ 12ನೇ ಮಹಡಿಗೆ ಬಾಡಿಗೆ ಕೊಡುವವರು ಯಾರು?

ಕುದುರೆಗಾಡಿ ಕಾಲದ ಜನ ಇಷ್ಟು ದೊಡ್ಡದು ಕಟ್ಟಿರಲಾರರು ಅನ್ನುವವರಿಗೆ ಇದೇ ಉತ್ತರ. ದುಡ್ಡಿತ್ತು, ಉಕ್ಕಿತ್ತು, ಉಗಿ ಯಂತ್ರ ಇತ್ತು, ಒಳ್ಳೆಯ ಕಸುಬುದಾರರಿದ್ದರು. ಯಾವ ಕಟ್ಟಡಕ್ಕೆ ಯಾವಾಗ ಟೆಂಡರ್ ಕರೆದರು, ಯಾರು ಗುತ್ತಿಗೆ ಹಿಡಿದರು ಅನ್ನುವುದೆಲ್ಲ ಆ ಕಾಲದ ಪತ್ರಿಕೆಗಳಲ್ಲಿ ದಿನಾಂಕದ ಸಮೇತ ಅಚ್ಚಾಗಿದೆ. ಹೊರಟುಹೋದ ಕೆಲಸಗಾರರ ಶ್ರಮವನ್ನು ಯಾವುದೋ ಕಾಣದ ನಾಗರಿಕತೆಯ ಲೆಕ್ಕಕ್ಕೆ ಬರೆಯುವುದು ನನಗೆ ಬಹಳ ಬೇಸರ ತರುವ ವಿಷಯ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಯುದ್ಧವೇ ಇಲ್ಲದೆ ಇವೆಲ್ಲ ಹೇಗೆ ಹೋದವು? ಉತ್ತರ ದಿಕ್ಕಿನ ಡಾರ್ವಿನ್ ನಗರದ ಮೇಲೆ 1942ರಲ್ಲಿ ಬಾಂಬ್ ಬಿದ್ದದ್ದು ನಿಜ. ಆದರೆ ಮೆಲ್ಬೋರ್ನ್, ಸಿಡ್ನಿ, ಅಡಿಲೇಡ್, ಬ್ರಿಸ್ಬೇನ್ ನಗರಗಳು ತಮ್ಮ ಕಟ್ಟಡಗಳನ್ನು ತಾವೇ ಕೈಯಾರೆ ಕೆಡವಿದವು. ಸಿಡ್ನಿಯ ದೊಡ್ಡ ಅಂಚೆ ಕಚೇರಿಯ ಗಡಿಯಾರದ ಗೋಪುರವನ್ನು 1942ರಲ್ಲಿ ವಿಮಾನ ದಾಳಿಯ ಹೆದರಿಕೆಯಿಂದ ಬಿಚ್ಚಿ ತೆಗೆದಿಟ್ಟರು. 1964ರ ಹೊತ್ತಿಗೆ ಅದನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ಯುದ್ಧದ ಭಯಕ್ಕೆ ಇಳಿಸಿದ್ದು ಮರಳಿ ಬಂತು. ಶಾಂತಿಯ ಕಾಲದಲ್ಲಿ ಕೆಡವಿದ್ದು ಬರಲಿಲ್ಲ.

ನಾನು ಹಳೆಯ ಕಟ್ಟಡಗಳ ದಾಖಲೆ ಮಾಡುವ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ನೋಟ್‌ಬುಕ್‌ನಲ್ಲಿ ಎರಡೇ ಕಾಲಂ ಬರೆಯುತ್ತಿದ್ದೆ. ಕಟ್ಟಿದ ವರ್ಷ, ಕೆಡವಿದ ವರ್ಷ. ಫೆಡರಲ್ 1888ರಿಂದ 1973. ಅಂದರೆ 85 ವರ್ಷ. ಆಸ್ಟ್ರೇಲಿಯನ್ ಬಿಲ್ಡಿಂಗ್ 1889ರಿಂದ 1980. 91 ವರ್ಷ. ಸಿಡ್ನಿಯ ಹೋಟೆಲ್ ಆಸ್ಟ್ರೇಲಿಯಾ 1891ರಿಂದ 1971. ಸರಿಯಾಗಿ 80. ಬ್ರಿಸ್ಬೇನ್‌ನ ಬೆಲ್ಲೆವ್ಯೂ ಹೋಟೆಲ್ 1886ರಿಂದ 1979. 93 ವರ್ಷ. ಕಾಲಿನ್ಸ್ ಸ್ಟ್ರೀಟ್‌ನ ಈಕ್ವಿಟಬಲ್ ಕಟ್ಟಡ 1896ರಿಂದ 1960. ಬರೀ 64. ಷಷ್ಟಿಪೂರ್ತಿ ಮುಗಿದು, ಸಹಸ್ರ ಚಂದ್ರ ದರ್ಶನ ಆಗಿ, ನೂರು ತುಂಬುವ ಮೊದಲೇ ಹೋಗಿಬಿಡುತ್ತವೆ. ನೂರು ದಾಟಿದವು ಕಡಿಮೆ. ಮಾರ್ಕ್ ಟ್ವೇನ್ ಉಳಿದುಕೊಂಡಿದ್ದ ಮೆನ್ಜೀಸ್ ಹೋಟೆಲ್ 1867ರಲ್ಲಿ ಹುಟ್ಟಿ 1969ರಲ್ಲಿ ಹೋಯಿತು. ಅದೊಂದು ಸ್ವಲ್ಪ ದೀರ್ಘಾಯುಷಿ.

ಆ ಎರಡು ಕಾಲಂ ನೋಡಿ ನೋಡಿ ನನಗೆ ಹೊಳೆದದ್ದು ಇದು. ಕಟ್ಟಡಕ್ಕೆ ಅತಿ ಅಪಾಯದ ವಯಸ್ಸು ಅಜ್ಜನ ವಯಸ್ಸು. ಹೊಸತು ಅಂತ ಹೆಮ್ಮೆ ಪಡುವ ಕಾಲ ಕಳೆದಿರುತ್ತದೆ. ಪ್ರಾಚೀನ ಅಂತ ಕೈಮುಗಿಯುವ ಕಾಲ ಇನ್ನೂ ಬಂದಿರುವುದಿಲ್ಲ. 1960ರಲ್ಲಿದ್ದವರಿಗೆ ಇವು 'ಇತಿಹಾಸ' ಆಗಿರಲಿಲ್ಲ. ಧೂಳು ಹಿಡಿದ, ಹಳೇ ಫ್ಯಾಶನ್ನಿನ, ಅಪ್ಪನ ಕಾಲದ ಕಟ್ಟಡಗಳಾಗಿದ್ದವು ಅಷ್ಟೇ. ಕಲ್ಲಿನ ಹೂವು ಬಳ್ಳಿ, ಕಬ್ಬಿಣದ ಕಸೂತಿ ನೋಡಿದರೆ ಅವರಿಗೆ ನಾಚಿಕೆ. 1956ರ ಒಲಿಂಪಿಕ್ಸ್‌ಗೆ ಮುಂಚೆ ಮೆಲ್ಬೋರ್ನ್ ನಗರ ಆಡಳಿತ ಪಾದಚಾರಿ ದಾರಿಯ ಮೇಲಿದ್ದ ಎರಕದ ಕಬ್ಬಿಣದ ಚಾವಣಿಗಳನ್ನು ತೆಗೆಸಿತು. ಪ್ರಪಂಚ ನೋಡಲು ಬರುತ್ತಿದೆ, ಊರು ಆಧುನಿಕವಾಗಿ ಕಾಣಬೇಕು ಅನ್ನುವುದು ಅವರ ಯೋಚನೆ.

ದುಡ್ಡಿನ ಕಾರಣ ಇನ್ನೂ ದೊಡ್ಡದು. 1893ರಲ್ಲಿ ಸಾಲು ಸಾಲಾಗಿ ಬ್ಯಾಂಕುಗಳು ಬಾಗಿಲು ಮುಚ್ಚಿದವು. ಹುಚ್ಚು ಹಿಡಿದಂತೆ ಏರಿದ್ದ ಭೂಮಿಯ ಬೆಲೆ ಕುಸಿಯಿತು. ಆಮೇಲೆ ಎರಡು ಮಹಾಯುದ್ಧ, ನಡುವೆ ಆರ್ಥಿಕ ಕುಸಿತ. ಅಷ್ಟು ವರ್ಷ ದೊಡ್ಡದಾಗಿ ಕಟ್ಟುವವರೂ ಕಡಿಮೆ, ಕೆಡವುವವರೂ ಕಡಿಮೆ. ಬಡತನವೇ ಹಳೆಯ ಮೆಲ್ಬೋರ್ನ್ ಅನ್ನು ಕಾಪಾಡಿತು ಅಂತ ನಾನು ನಂಬಿದ್ದೇನೆ. ಜೊತೆಗೆ 132 ಅಡಿಗಿಂತ ಎತ್ತರ ಕಟ್ಟಬಾರದು ಅನ್ನುವ ನಿಯಮ ಇತ್ತು. ಸಿಡ್ನಿಯಲ್ಲಿ 150 ಅಡಿ. ಹಳೆಯ ಏಳಂತಸ್ತಿನ ಕಟ್ಟಡ ಕೆಡವಿ ಹೊಸದಾಗಿ ಅದಕ್ಕಿಂತ ತುಂಬಾ ಎತ್ತರ ಕಟ್ಟಲು ಆಗದಿದ್ದರೆ ಕೆಡವಿ ಏನು ಲಾಭ? 1950ರ ದಶಕದ ಕೊನೆಗೆ ಆ ಬೀಗ ತೆರೆಯಿತು. ಸಿಡ್ನಿ 1957ರಲ್ಲಿ ಮಿತಿ ಸಡಿಲಿಸಿತು. ಮೆಲ್ಬೋರ್ನ್‌ನಲ್ಲಿ 1958ರ ಐಸಿಐ ಹೌಸ್ ಅನ್ನುವ ಆಫೀಸ್ ಕಟ್ಟಡ ಹಳೆಯ ಮಿತಿ ದಾಟಿ ನಿಂತಿತು. ಅಂದಿನಿಂದ ಪ್ರತಿ ಹಳೆಯ ಕಟ್ಟಡದ ತಲೆಯ ಮೇಲಿನ ಖಾಲಿ ಆಕಾಶಕ್ಕೂ ಬೆಲೆ ಬಂತು.

ಆ ದಿನಗಳಲ್ಲಿ ಮೆಲ್ಬೋರ್ನ್‌ನ ಬೀದಿಗಳಲ್ಲಿ ಕಾಣುತ್ತಿದ್ದ ಒಂದು ಬೋರ್ಡ್ 'ವೀಲನ್ ದ ರೆಕರ್ ಇಲ್ಲಿದ್ದಾನೆ' ಅನ್ನುವುದು. ಕೆಡವುವುದೇ ಕಸುಬಾಗಿದ್ದ ಕುಟುಂಬದ ಕಂಪನಿ ಅದು. ಈಕ್ವಿಟಬಲ್ ಕಟ್ಟಡ ಕೆಡವಿದ್ದು ಅವರೇ. ಅಮೆರಿಕದ ವಿಮಾ ಕಂಪನಿಯೊಂದು ಶಾಶ್ವತವಾಗಿ ನಿಲ್ಲಲಿ ಅಂತ ಗ್ರಾನೈಟ್‌ನಲ್ಲಿ ಕಟ್ಟಿಸಿದ್ದ ಕಟ್ಟಡ. ಎಷ್ಟು ಗಟ್ಟಿ ಅಂದರೆ ಕೆಡವುವವರಿಗೇ ಸಾಕುಸಾಕಾಯಿತು. ಬಾಗಿಲ ಮೇಲಿದ್ದ ಕಂಚಿನ ಪ್ರತಿಮೆಗಳ ಗುಂಪು ಈಗ ಮೆಲ್ಬೋರ್ನ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅಲ್ಲೇ ಹತ್ತಿರದಲ್ಲಿ ಕಾಲಿನ್ಸ್ ಸ್ಟ್ರೀಟ್‌ನ ಇನ್ನೊಂದು ಹಳೆಯ ಬ್ಯಾಂಕಿನ ಇಡೀ ಮುಂಭಾಗವನ್ನು ಬಿಚ್ಚಿ ತಂದು ಜೋಡಿಸಿದ್ದಾರೆ. ಇಂದು ಅದು ವಾಸ್ತುಶಿಲ್ಪ ಕಲಿಸುವ ಕಟ್ಟಡದ ಭಾಗ. ಮಗಳ ಮನೆಗೆ ಮತ್ತೆ ಹೋದಾಗ ಖಂಡಿತ ನೋಡಿ. ಹೋದ ಊರಿನ ಚೂರುಗಳನ್ನು ಕೈಯಿಂದ ಮುಟ್ಟಬಹುದು.

ಬ್ರಿಸ್ಬೇನ್ ಕಥೆ ಹೇಳುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬೆಲ್ಲೆವ್ಯೂ ಹೋಟೆಲ್ ಸರ್ಕಾರದ ಸ್ವತ್ತಾಗಿತ್ತು. ಸುತ್ತಲೂ ಸುಂದರವಾದ ಕಬ್ಬಿಣದ ಕಸೂತಿಯ ಮೊಗಸಾಲೆ. 1974ರಲ್ಲಿ ಮೊದಲು ಆ ಮೊಗಸಾಲೆಗಳನ್ನು ಕಿತ್ತುಹಾಕಿದರು. ಬೋಳಾದ ಮೇಲೆ ಕಟ್ಟಡ ಕುರೂಪವಾಗಿ ಕಂಡಿತು. ಐದು ವರ್ಷ ಬಿಟ್ಟು, 1979ರ ಏಪ್ರಿಲ್‌ನ ಒಂದು ಮಧ್ಯರಾತ್ರಿ, ಜನ ಪ್ರತಿಭಟಿಸುತ್ತಿದ್ದಂತೆಯೇ ಕೆಡವಿದರು. 1982ರ ನವೆಂಬರ್ 7ರಂದು ಬೆಳಗಿನ ಜಾವ 4 ಗಂಟೆಗೆ ಅದೇ ಊರಿನ ಕ್ಲೌಡ್‌ಲ್ಯಾಂಡ್ ನೃತ್ಯಮಂದಿರವೂ ಹೋಯಿತು. ಗುಡ್ಡದ ಮೇಲೆ ದೀಪ ಹಚ್ಚಿದ ದೊಡ್ಡ ಕಮಾನು, ಊರಿಗೆಲ್ಲ ಕಾಣುತ್ತಿತ್ತು. ಎರಡು ಮೂರು ತಲೆಮಾರಿನ ಜನ ಅಲ್ಲಿ ಕುಣಿದಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಗುಡ್ಡ ಬರಿದು. ಮೊದಲು ಅಲಂಕಾರ ಕಿತ್ತು, ಆಮೇಲೆ ಚೆನ್ನಾಗಿಲ್ಲ ಅನ್ನುವುದು. ಮೊದಲು ಕತ್ತಲಲ್ಲಿ ಕೆಡವಿ, ಆಮೇಲೆ ಮಾತಾಡೋಣ ಅನ್ನುವುದು. ಈ ಎರಡು ಉಪಾಯಗಳನ್ನು ನಾನು ಎಷ್ಟೋ ಊರುಗಳ ಕಾಗದಪತ್ರಗಳಲ್ಲಿ ಕಂಡಿದ್ದೇನೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯಕ್ಕೆ ಗಟ್ಟಿಯಾದ ಪರಂಪರೆ ಕಾಯ್ದೆ ಬಂದದ್ದು 1992ರಲ್ಲಿ. ವಿಕ್ಟೋರಿಯಾದ ಕಾಯ್ದೆ ಬಂದದ್ದು 1974ರಲ್ಲಿ, ಫೆಡರಲ್ ಬಿದ್ದು ಒಂದು ವರ್ಷಕ್ಕೆ. ಆ ಒಂದು ವರ್ಷವನ್ನು ನೆನೆದಾಗಲೆಲ್ಲ ನಾನು ಸುಮ್ನೆ ಕೂತುಬಿಡುತ್ತೇನೆ.

ಉಳಿಸಿದವರ ಮಾತೂ ಹೇಳಬೇಕು. ಸಿಡ್ನಿಯಲ್ಲಿ ಕಟ್ಟಡ ಕೂಲಿಕಾರರ ಸಂಘವೇ ಎದ್ದು ನಿಂತಿತು. ಜ್ಯಾಕ್ ಮಂಡೇ ಮುಂದಾಳು. 1971ರಲ್ಲಿ ಕೆಲ್ಲೀಸ್ ಬುಷ್ ಅನ್ನುವ ಒಂದು ಸಣ್ಣ ಕಾಡಿನ ತುಂಡನ್ನು ಉಳಿಸಿ ಅಂತ ಅಲ್ಲಿನ ಹೆಂಗಸರು ಈ ಸಂಘದ ಬಾಗಿಲು ತಟ್ಟಿದರು. ಕೂಲಿಕಾರರು ಅಲ್ಲಿ ಕೆಲಸ ಮಾಡುವುದಿಲ್ಲ ಅಂದರು. ಇದಕ್ಕೆ 'ಗ್ರೀನ್ ಬ್ಯಾನ್' ಅನ್ನುವ ಹೆಸರು ಬಂತು. ನೀವು ಸಿಡ್ನಿಗೆ ಹೋದರೆ ಹಾರ್ಬರ್ ಬ್ರಿಡ್ಜ್ ಬುಡದಲ್ಲಿ ದ ರಾಕ್ಸ್ ಅನ್ನುವ ಹಳೆಯ ಬೀದಿಗಳನ್ನು ಎಲ್ಲರೂ ತೋರಿಸುತ್ತಾರೆ. ಅವು ಇವತ್ತು ಇರುವುದು ಆ ಕೂಲಿಕಾರರಿಂದ. ಕೆಡವಿದರೆ ಕೂಲಿ ಸಿಗುತ್ತಿತ್ತು. ಅದನ್ನು ಬಿಟ್ಟು ನಿಂತರು. ಸಿಡ್ನಿಯ ಕ್ವೀನ್ ವಿಕ್ಟೋರಿಯಾ ಬಿಲ್ಡಿಂಗ್ ಕೂಡ 1959ರಲ್ಲಿ ಕೆಡವುವ ಪಟ್ಟಿಯಲ್ಲಿತ್ತು. ಅದನ್ನು 1980ರ ದಶಕದಲ್ಲಿ ದುರಸ್ತಿ ಮಾಡಿದವರು ಮಲೇಷ್ಯಾದ ಒಂದು ಕಂಪನಿ. ಇವತ್ತು ಅದಿಲ್ಲದ ಸಿಡ್ನಿಯನ್ನು ಯೋಚಿಸಲೂ ಆಗದು.

ಎಲ್ಲವೂ ಸುತ್ತಿಗೆಯಿಂದ ಹೋಗಲಿಲ್ಲ. ಬೆಂಕಿಯಿಂದ ಹೋದದ್ದೂ ಇದೆ. ಸಿಡ್ನಿಯ ಗಾರ್ಡನ್ ಪ್ಯಾಲೇಸ್ ಹಾಗೆ ಹೋಯಿತು. ನಿಮಗೆ ಬಂದಂಥ ಸುಳ್ಳು ಕಥೆಗಳಲ್ಲಿ ಇದರ ಚಿತ್ರವೂ ತಪ್ಪದೆ ಇರುತ್ತದೆ. 1879ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಜೇಮ್ಸ್ ಬಾರ್ನೆಟ್ ವಿನ್ಯಾಸ ಮಾಡಿದ ಕಟ್ಟಡ. ಎಂಟು ತಿಂಗಳಲ್ಲಿ ಕಟ್ಟಿ ಮುಗಿಸಿದರು. ಅದು ಹೇಗೆ ಸಾಧ್ಯ? ಜಾಸ್ತಿ ಭಾಗ ಮರದ ಕಟ್ಟಡ ಅದು. ವಿದ್ಯುತ್ ದೀಪ ತರಿಸಿ ರಾತ್ರಿ ಪಾಳಿಯಲ್ಲೂ ಕೆಲಸ ಮಾಡಿಸಿದರು. 100 ಅಡಿ ಅಗಲದ ಗುಮ್ಮಟ ಇತ್ತು. 1882ರ ಸೆಪ್ಟೆಂಬರ್ 22ರ ಬೆಳಗಿನ ಜಾವ ಬೆಂಕಿ ಹತ್ತಿತು. ಕೆಲವೇ ಗಂಟೆಗಳಲ್ಲಿ ಎಲ್ಲ ಬೂದಿ. 1881ರ ಜನಗಣತಿಯ ಕಾಗದಗಳು ಒಳಗಿದ್ದವು, ಅವೂ ಸುಟ್ಟವು. ಅದಕ್ಕಿಂತ ದೊಡ್ಡ ನಷ್ಟ ಅಲ್ಲಿಟ್ಟಿದ್ದ ಆದಿವಾಸಿ ಜನರ ಗುರಾಣಿ, ಈಟಿ, ಕೋಲುಗಳ ಸಂಗ್ರಹ. ಆಗ್ನೇಯ ಆಸ್ಟ್ರೇಲಿಯಾದ ಎಷ್ಟೋ ಸಮುದಾಯಗಳ ಹಿರಿಯರ ಕೈಕೆಲಸ ಅದು. ಕಟ್ಟಡದ ಫೋಟೋಗಳು ಬೇಕಾದಷ್ಟಿವೆ. ಆ ಹಿರಿಯರ ಕೈಯ ವಸ್ತುಗಳು ಮತ್ತೆ ಬರುವುದಿಲ್ಲ. 2016ರಲ್ಲಿ ಜೊನಾಥನ್ ಜೋನ್ಸ್ ಅನ್ನುವ ಆದಿವಾಸಿ ಕಲಾವಿದ ಗಾರ್ಡನ್ ಪ್ಯಾಲೇಸ್ ನಿಂತಿದ್ದ ಸಸ್ಯೋದ್ಯಾನದಲ್ಲಿ ಸಾವಿರಾರು ಬಿಳಿಯ ಗುರಾಣಿಗಳನ್ನು ಸುಟ್ಟ ಕಟ್ಟಡದ ಅಂಚಿನ ಉದ್ದಕ್ಕೂ ಹರಡಿಟ್ಟ. ಹೋದದ್ದು ಎಷ್ಟು ದೊಡ್ಡದು ಅಂತ ಜನ ಅಂದು ನಡೆದು ನೋಡಿದರು.

ಇನ್ನು ಫೋಟೋ ಓದುವ ಬಗ್ಗೆ.

ರಸ್ತೆಯಲ್ಲಿ ಜನ ಯಾಕಿಲ್ಲ? 1860, 70ರ ದಶಕದ ಚಿತ್ರಗಳು ಗಾಜಿನ ಹಾಳೆಯ ಮೇಲೆ ತೆಗೆದವು. ಗಾಜಿಗೆ ಅಂಟಾದ ದ್ರವ ಸವರಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒದ್ದೆ ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಬೆಳಕು ಬೀಳಲು ಕೆಲವು ಸೆಕೆಂಡುಗಳೇ ಬೇಕು. ಅಷ್ಟರಲ್ಲಿ ನಡೆಯುವವನು ದಾಟಿ ಹೋಗಿರುತ್ತಾನೆ. ಅವನ ಗುರುತು ಗಾಜಿನ ಮೇಲೆ ಉಳಿಯುವುದಿಲ್ಲ. ಗೋಡೆಗೆ ಒರಗಿ ನಿಂತವನು, ಗಾಡಿಯಲ್ಲಿ ತೂಕಡಿಸುವವನು ಮಾತ್ರ ಉಳಿಯುತ್ತಾನೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ರಸ್ತೆಯಲ್ಲಿ ಹೊಗೆಯಂಥ ಮಬ್ಬು ಕಾಣುತ್ತದಲ್ವಾ? ಅದೇ ಜನ, ಅದೇ ಗಾಡಿ. ಕೆಲವು ಸಲ ಕುದುರೆಯ ಕಾಲು ಸ್ಪಷ್ಟ, ತಲೆ ಮಾತ್ರ ಮಬ್ಬು. ನಿಂತಲ್ಲೇ ತಲೆ ಆಡಿಸಿದೆ ಪಾಪ. ಆಕಾಶ ಬಿಳಿ ಹಾಳೆಯಂತೆ ಇರುವುದಕ್ಕೂ ಕಾರಣ ಇದೆ. ಆ ಗಾಜು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು, ಕೆಂಪಿಗೆ ಇಲ್ಲವೇ ಇಲ್ಲ. ಅದಕ್ಕೇ ಆಕಾಶ ಬೆಳ್ಳಗೆ, ಕೆಂಪು ಇಟ್ಟಿಗೆ ನಿಜಕ್ಕಿಂತ ಕಪ್ಪಗೆ ಬರುತ್ತದೆ. ಈಗ ಕಂಪ್ಯೂಟರ್ ಬಣ್ಣ ತುಂಬಿದ ಚಿತ್ರಗಳನ್ನು ನಂಬಬೇಡಿ ಅನ್ನುವುದು ಇದಕ್ಕೇ. ಆ ಬಣ್ಣ ಊಹೆ.

ವರ್ಷ ಗೊತ್ತು ಮಾಡಲು ನಾನು ಮೊದಲು ನೋಡುವುದು ಕಟ್ಟಡವನ್ನಲ್ಲ, ರಸ್ತೆಯನ್ನು. ಮೆಲ್ಬೋರ್ನ್‌ನಲ್ಲಿ 1885ರಿಂದ ಕೇಬಲ್ ಟ್ರಾಮ್ ಓಡಿತು. ನೆಲದ ಕೆಳಗೆ ಓಡುವ ಉಕ್ಕಿನ ಹಗ್ಗವನ್ನು ಹಿಡಿದು ಸಾಗುವ ಟ್ರಾಮ್ ಅದು. ಎರಡು ಹಳಿಗಳ ನಡುವೆ ಒಂದು ಸೀಳು ಇರುತ್ತದೆ, ಮೇಲೆ ತಂತಿ ಇರುವುದಿಲ್ಲ. ಕಾಲಿನ್ಸ್ ಸ್ಟ್ರೀಟ್‌ಗೆ ವಿದ್ಯುತ್ ಟ್ರಾಮ್ ಬಂದದ್ದು 1920ರ ದಶಕದ ಕೊನೆಗೆ. ನಿಮ್ಮ ಚಿತ್ರದಲ್ಲಿ ಆ ಸೀಳು ಕಾಣುತ್ತಿದೆ, ತಂತಿ ಇಲ್ಲ, ಮೋಟಾರು ಕಾರು ಒಂದೂ ಇಲ್ಲ. ಹಾಗಾಗಿ ಅದು 1888ರ ನಂತರದ್ದು, ಬಹುಶಃ 1900ರ ದಶಕದ ಶುರುವಿಗಿಂತ ಈಚಿನದಲ್ಲ ಅಂತ ಹೇಳಬಲ್ಲೆ. ಸಿಡ್ನಿ ಚಿತ್ರವಾದರೆ ಅಂಚೆ ಕಚೇರಿಯ ಗೋಪುರ ಹುಡುಕಿ. ಕಟ್ಟಡ ಇದ್ದು ಗೋಪುರ ಇಲ್ಲದಿದ್ದರೆ ಮತ್ತು ರಸ್ತೆಯಲ್ಲಿ ಕಾರುಗಳಿದ್ದರೆ ಅದು 1942ರಿಂದ 1964ರ ನಡುವಿನದು. ಹಾರ್ಬರ್ ಬ್ರಿಡ್ಜ್ ಪೂರ್ತಿಯಾಗಿ ವಾಹನಗಳ ಸಮೇತ ಕಂಡರೆ 1932ರ ನಂತರದ್ದು.

ಆಮೇಲೆ ಅಂಗಡಿ ಬೋರ್ಡುಗಳನ್ನು ಓದಿ. ಅಕ್ಷರ ತಿರುಗುಮುರುಗು ಆಗಿದ್ದರೆ ಗಾಜನ್ನು ಮಗುಚಿ ಅಚ್ಚು ಹಾಕಿದ್ದಾರೆ ಅಂತ ಅರ್ಥ. ಆಗ ಎಡಗಡೆಯದು ಬಲಗಡೆ ಆಗಿ, ಬೀದಿಯ ಗುರುತು ತಪ್ಪುತ್ತದೆ. ಅಕ್ಷರಗಳು ಯಾವ ಭಾಷೆಗೂ ಸೇರದ ಗೀಚುಗಳಾಗಿದ್ದರೆ ಅದು ಈಗಿನ ಕಂಪ್ಯೂಟರ್ ಹುಟ್ಟಿಸಿದ ಚಿತ್ರ ಇರಬಹುದು. ಬೋರ್ಡಿನ ಹೆಸರು ಸಿಕ್ಕರೆ ಮೆಲ್ಬೋರ್ನ್‌ಗೆ ಸ್ಯಾಂಡ್ಸ್ ಅಂಡ್ ಮೆಕ್‌ಡೂಗಲ್ ಅನ್ನುವ ಹಳೆಯ ಡೈರೆಕ್ಟರಿಗಳಿವೆ. ಯಾವ ವರ್ಷ ಯಾವ ಬೀದಿಯ ಯಾವ ನಂಬರಿನಲ್ಲಿ ಯಾವ ದರ್ಜಿ, ಯಾವ ಔಷಧಿ ಅಂಗಡಿ ಇತ್ತು ಅಂತ ಸಾಲು ಸಾಲಾಗಿ ಕೊಟ್ಟಿದ್ದಾರೆ. ಆ ಅಂಗಡಿ ಎರಡೇ ವರ್ಷ ಇದ್ದಿದ್ದರೆ ನಿಮ್ಮ ಫೋಟೋದ ವರ್ಷ ಸಿಕ್ಕಿತು. ಒಂದು ಎಚ್ಚರಿಕೆ. ಆ ಕಾಲದ ಪತ್ರಿಕೆಗಳಲ್ಲಿ ಬಂದ ಕೆತ್ತನೆಯ ಚಿತ್ರಗಳು ಫೋಟೋ ಅಲ್ಲ. ಕಟ್ಟಡ ಮುಗಿಯುವ ಮೊದಲೇ ನಕ್ಷೆ ನೋಡಿ ಬಿಡಿಸಿದವು ಎಷ್ಟೋ ಇವೆ. ಅವುಗಳಲ್ಲಿ ಗೋಪುರ ಇನ್ನೂ ಎತ್ತರ, ರಸ್ತೆ ಇನ್ನೂ ಅಗಲ.

ಇಂಥ ಹಳೆಯ ಚಿತ್ರಗಳನ್ನು ಎಲ್ಲಿ ನೋಡಬಹುದು? ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೂತೇ ನೋಡಬಹುದು, ಬಿಡಿಗಾಸು ಖರ್ಚಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ಅನ್ನುವ ತಾಣ ಇದೆ. ಹಳೆಯ ಪತ್ರಿಕೆ, ಚಿತ್ರ ಎರಡೂ ಅಲ್ಲಿ ಸಿಗುತ್ತವೆ. ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಗ್ರಂಥಾಲಯಗಳು ತಮ್ಮ ಸಂಗ್ರಹವನ್ನು ತೆರೆದಿಟ್ಟಿವೆ. 1955ಕ್ಕೆ ಮೊದಲು ತೆಗೆದ ಫೋಟೋಗಳಿಗೆ ಆಸ್ಟ್ರೇಲಿಯಾದಲ್ಲಿ ಹಕ್ಕುಸ್ವಾಮ್ಯ ಮುಗಿದಿದೆ. ಗ್ರಂಥಾಲಯದ ಚಿತ್ರಕ್ಕೆ ಒಂದು ದಾಖಲೆ ಸಂಖ್ಯೆ, ತೆಗೆದವರ ಹೆಸರು, ಅಂದಾಜು ವರ್ಷ ಇರುತ್ತದೆ. ಫೋನಿನಲ್ಲಿ ಸುತ್ತುವ ಚಿತ್ರಕ್ಕೆ ಇವು ಯಾವುದೂ ಇರುವುದಿಲ್ಲ. ಚಿತ್ರ ಬಂದಾಗ ಮೊದಲು ಅದನ್ನು ಈ ತಾಣಗಳಲ್ಲಿ ಹುಡುಕಿ, ಆ ಸಂಖ್ಯೆ ಸಿಗುತ್ತದೋ ನೋಡಿ.

ಫೋಟೋಗಳು ಉಳಿದದ್ದೂ ಸುಲಭದಲ್ಲಿ ಅಲ್ಲ. ಆಸ್ಟ್ರೇಲಿಯಾದಲ್ಲಿ ತೆಗೆದ ಮೊದಲ ಫೋಟೋ ಎಂದು ಹೇಳುವುದು 1841ರ ಮೇ ತಿಂಗಳ ಸಿಡ್ನಿಯ ಒಂದು ಚಿತ್ರವನ್ನು. ಹಡಗಿನ ಕ್ಯಾಪ್ಟನ್ ಲೂಕಾಸ್ ಅನ್ನುವವರು ತೆಗೆದದ್ದು. ಆ ಚಿತ್ರವೇ ಇವತ್ತು ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟದ ಕಥೆ ಹಾಲ್ಟರ್‌ಮನ್‌ದು. ಜರ್ಮನಿಯ ಹ್ಯಾಂಬರ್ಗ್‌ನಿಂದ ಬಂದ ಗಣಿ ಕೆಲಸಗಾರ. 1872ರಲ್ಲಿ ಹಿಲ್ ಎಂಡ್ ಅನ್ನುವ ಊರಲ್ಲಿ ಅವನ ಪಾಲಿನ ಗಣಿಯಲ್ಲಿ 286 ಕಿಲೋ ತೂಕದ, ಚಿನ್ನ ತುಂಬಿದ ಕಲ್ಲಿನ ಹಲಗೆ ಸಿಕ್ಕಿತು. ಆ ದುಡ್ಡಿನಲ್ಲಿ ಅವನು ಬ್ಯೂಫೋಯ್ ಮರ್ಲಿನ್, ಚಾರ್ಲ್ಸ್ ಬೇಲಿಸ್ ಅನ್ನುವ ಛಾಯಾಗ್ರಾಹಕರಿಗೆ ಬೆನ್ನಾಗಿ ನಿಂತ. ಅವರು ಗಣಿಯೂರಿನ ಪ್ರತಿ ಮನೆ, ಪ್ರತಿ ಅಂಗಡಿಯ ಮುಂದೆ ಅಲ್ಲಿನವರನ್ನು ನಿಲ್ಲಿಸಿ ಚಿತ್ರ ತೆಗೆದರು. ಕಮ್ಮಾರ, ಕಟುಕ, ಮಗು ಎತ್ತಿಕೊಂಡ ತಾಯಿ, ಬಾಗಿಲಲ್ಲಿ ನಾಯಿ. 1875ರಲ್ಲಿ ಸಿಡ್ನಿ ಬಂದರಿನ ಆಚೆ ದಡದಲ್ಲಿ ಹಾಲ್ಟರ್‌ಮನ್ ತನ್ನ ಮನೆಗೆ ಎತ್ತರದ ಗೋಪುರ ಕಟ್ಟಿಸಿದ. ಅಲ್ಲಿಂದ ಬೇಲಿಸ್ ಇಡೀ ಸಿಡ್ನಿಯ ಚಿತ್ರ ತೆಗೆದ. ಗಾಜಿನ ಹಾಳೆಯ ಅಳತೆ ಸುಮಾರು 5 ಅಡಿಗೆ 3 ಅಡಿ. ಮಂಚದ ಅರ್ಧದಷ್ಟು ಗಾಜನ್ನು ಒದ್ದೆ ಇರುವಾಗಲೇ ಎತ್ತಿ ಇಳಿಸಿ ತೊಳೆಯುವುದು ಎಂಥ ಕೆಲಸ ಯೋಚಿಸಿ. ಆ ಕಾಲದಲ್ಲಿ ಜಗತ್ತಿನಲ್ಲೇ ದೊಡ್ಡ ನೆಗೆಟಿವ್ ಅವು. ಹಾಲ್ಟರ್‌ಮನ್ 1885ರಲ್ಲಿ ತೀರಿಕೊಂಡ. ಗಾಜುಗಳನ್ನು ಎಲ್ಲರೂ ಮರೆತರು. 1951ರಲ್ಲಿ ಕೀಸ್ಟ್ ಬರ್ಕ್ ಅನ್ನುವ ಪತ್ರಿಕಾ ಸಂಪಾದಕ ಹುಡುಕುತ್ತಾ ಹೋದಾಗ ಚಾಟ್ಸ್‌ವುಡ್‌ನ ಒಂದು ಮನೆಯ ಹಿತ್ತಲ ಶೆಡ್ಡಿನಲ್ಲಿ ಸುಮಾರು 3,500 ಗಾಜುಗಳು ಸಿಕ್ಕವು. ಮನೆಯವರು ಬಿಸಾಡದೆ ಇಟ್ಟಿದ್ದರು. ಅಷ್ಟೇ. ಇವತ್ತು ಅವು ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯದಲ್ಲಿವೆ. ಒಂದು ಅಂಗಡಿ ಬಾಗಿಲಿನ ಕತ್ತಲಲ್ಲಿ ನಿಂತ ಹುಡುಗನ ಅಂಗಿಯ ಗುಂಡಿಯನ್ನೂ ಎಣಿಸಬಹುದು.

ಬಡವರ ಮನೆಗಳ ಚಿತ್ರ ಸಿಗುವುದು ಬೇರೆಯೇ ಕಾರಣಕ್ಕೆ. 1900ರಲ್ಲಿ ಸಿಡ್ನಿಗೆ ಪ್ಲೇಗ್ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು. ದ ರಾಕ್ಸ್ ಸುತ್ತಮುತ್ತಲಿನ ಓಣಿಗಳನ್ನು ತೊಳೆಸುವಾಗ, ಕೆಡಹುವ ಮೊದಲು, ಸರ್ಕಾರ ಹಿತ್ತಲು, ಬಚ್ಚಲು, ಅಡುಗೆಮನೆಗಳನ್ನೆಲ್ಲ ಫೋಟೋ ತೆಗೆಸಿತು. ಆಮೇಲೆ ಸಿಡ್ನಿ ನಗರಾಡಳಿತವೂ ತಾನು ಕೆಡಹುವ ಮನೆಗಳ ಚಿತ್ರ ತೆಗೆದು ಪುಸ್ತಕಗಳಲ್ಲಿ ಅಂಟಿಸಿಟ್ಟಿತು. ಶ್ರೀಮಂತನ ಕಟ್ಟಡಕ್ಕೆ ಹುಟ್ಟಿದ ದಿನ ಫೋಟೋ, ಬಡವನ ಮನೆಗೆ ಸಾಯುವ ದಿನ. ಆ ಚಿತ್ರಗಳಲ್ಲಿ ಬಾಗಿಲಿಗೆ ಬಂದು ನಿಂತ ಹೆಂಗಸರ ಮುಖ ನೋಡಿ. ಯಾರೂ ನಗುತ್ತಿಲ್ಲ.

ಕೆಡವಿದ್ದೆಲ್ಲ ತಪ್ಪೇ ಅಂತ ನೀವು ಕೇಳಬಹುದು. ಹಾಗೆ ಹೇಳಲಾರೆ. ಸಿಡ್ನಿಯ ಬೆನ್ನೆಲಾಂಗ್ ಪಾಯಿಂಟ್‌ನಲ್ಲಿ ಮೊದಲು ಒಂದು ಕೋಟೆ ಇತ್ತು. ಅದನ್ನು 1901ರಲ್ಲಿ ಕೆಡವಿ, ಕೋಟೆಯಂತೆಯೇ ಕಾಣುವ ಟ್ರಾಮ್ ಡಿಪೋ ಕಟ್ಟಿದರು. 1958ರಲ್ಲಿ ಅದನ್ನೂ ಕೆಡವಿದರು. ಅಲ್ಲಿ ಎದ್ದದ್ದು ಒಪೆರಾ ಹೌಸ್. ಆ ಬದಲಾವಣೆಗೆ ನಾನು ತಕರಾರು ಮಾಡುವುದಿಲ್ಲ. ಅಡಿಲೇಡ್‌ನ ಗ್ರ್ಯಾಂಡ್ ಸೆಂಟ್ರಲ್ ಹೋಟೆಲ್ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಮಾಡಿದರಲ್ಲ, ಅದಕ್ಕೆ ತಕರಾರಿದೆ.

ಫೆಡರಲ್ ಕಾಫಿ ಪ್ಯಾಲೇಸ್ ಜಾಗದಲ್ಲಿ 1970ರ ದಶಕದಲ್ಲಿ ಎಂಟರ್‌ಪ್ರೈಸ್ ಹೌಸ್ ಅನ್ನುವ ಸಾದಾ ಆಫೀಸ್ ಕಟ್ಟಡ ಬಂತು. ಅದೂ ಈಗಿಲ್ಲ. ಅರಮನೆಯ ಚಿತ್ರ ಕೇಳಿದರೆ ನೂರು ಸಿಗುತ್ತವೆ. ಆ ಆಫೀಸಿನ ಚಿತ್ರ ಕೇಳಿದರೆ ಹುಡುಕಾಡಬೇಕು. 1960, 70ರ ದಶಕದ ಕಾಂಕ್ರೀಟ್ ಕಟ್ಟಡಗಳೇ ಈಗ ಆ ಅಪಾಯದ ವಯಸ್ಸಿಗೆ ಬರುತ್ತಿರುವುದು.

ಮುಂದಿನ ಸಲ ಹೋದಾಗ ಸ್ಪ್ರಿಂಗ್ ಸ್ಟ್ರೀಟ್‌ನ ವಿಂಡ್ಸರ್ ಹೋಟೆಲ್‌ಗೆ ಹೋಗಿ. ಅದೂ ಒಂದು ಕಾಲಕ್ಕೆ ಮನ್ರೋ ನಡೆಸಿದ ಕಾಫಿ ಪ್ಯಾಲೇಸ್, ಫೆಡರಲ್‌ನ ಅಕ್ಕ ಇದ್ದಂತೆ. ಅದರ ಫೋಟೋ ತೆಗೆಯಿರಿ. ಹಾಗೇ ಮಗಳ ಮನೆಯ ಬೀದಿಯಲ್ಲಿ ಯಾರೂ ತಿರುಗಿ ನೋಡದ ಒಂದು ಐವತ್ತು ವರ್ಷದ ಕಟ್ಟಡ ಇರುತ್ತದೆ. ಅದರದ್ದೂ ಒಂದು ತೆಗೆಯಿರಿ. ಅಚ್ಚು ಹಾಕಿಸಿ, ಹಿಂದೆ ಬೀದಿಯ ಹೆಸರು, ದಿನಾಂಕ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ ಬೇಡ, ಶಾಯಿ ಈಚೆಗೆ ಇಳಿಯುತ್ತದೆ.